ರೊಮೇನಿಯಾದಿಂದ ಕಣ್ಣಿಲ್ಲದ ಪುಟ್ಟ ನಾಯಿಯನ್ನು ದತ್ತು ತರುವುದು: ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ

ಚುಕ್ಕಿ ನಮ್ಮ ಮನೆಗೆ ಬಂದು ಮೂರು ವರ್ಷವಾಯಿತು. ಆರು ಕೆಜಿ ತೂಕ, ಕಂದು ಮೈ, ಎರಡೂ ಕಣ್ಣಿಲ್ಲ. ನೋಡಿದವರೆಲ್ಲ ಕೇಳುವುದು ಒಂದೇ ಮಾತು: "ಪಾಪ, ಕಣ್ಣು ಕಾಣದೆ ಹೇಗೆ ಓಡಾಡುತ್ತೆ?" ಓಡಾಡುವುದು ಅವಳಿಗೆ ಚೆನ್ನಾಗಿ ಗೊತ್ತು. ನಾವು ಎಡವಿದ್ದು ಬೇರೆ ಕಡೆ. ಕಾಗದಪತ್ರ ನೋಡುವುದರಲ್ಲಿ, ರಕ್ತಪರೀಕ್ಷೆಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣು ಯಾಕೆ ಹೋಯಿತು ಎಂದು ಒತ್ತಿ ಕೇಳದೆ ಸುಮ್ಮನಾದದ್ದರಲ್ಲಿ. ಅದಕ್ಕೇ ಇಲ್ಲಿ ಆ ವಿಷಯಗಳು ಮೊದಲು ಬರುತ್ತವೆ, ಮನೆಯೊಳಗಿನ ತಯಾರಿ ಆಮೇಲೆ.

ಇದು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಇರುವವರಿಗಾಗಿ ಬರೆದದ್ದು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇದ್ದು ಇದನ್ನು ಓದುತ್ತಿದ್ದರೆ, ಹೊರದೇಶದಿಂದ ತರಿಸುವ ಯೋಚನೆಯೇ ಬೇಡ. ಕಣ್ಣು ಕಳೆದುಕೊಂಡ ಬೀದಿನಾಯಿಗಳು ನಿಮ್ಮೂರಿನ ಆಶ್ರಯಧಾಮಗಳಲ್ಲೇ ಕಾಯುತ್ತಿವೆ. ಮನೆ ಸಿದ್ಧ ಮಾಡುವ ಭಾಗ ನಿಮಗೂ ಅಷ್ಟೇ ಉಪಯೋಗಕ್ಕೆ ಬರುತ್ತದೆ.

ರೊಮೇನಿಯಾದಿಂದಲೇ ಯಾಕೆ

ಸರ್ವಾಧಿಕಾರಿ ಚೌಶೆಸ್ಕು ಆಳ್ವಿಕೆಯಲ್ಲಿ, ಅದರಲ್ಲೂ 1980ರ ದಶಕದಲ್ಲಿ, ಹಿತ್ತಿಲಿದ್ದ ಮನೆಗಳನ್ನು ಕೆಡವಿ ಜನರನ್ನು ಅಪಾರ್ಟ್‌ಮೆಂಟ್‌ಗಳಿಗೆ ಸಾಗಿಸಿದರು. ಮನೆ ಕಾಯುತ್ತಿದ್ದ ನಾಯಿಗಳು ಬೀದಿಗೆ ಬಿದ್ದವು, ಅಲ್ಲೇ ಮರಿ ಹಾಕಿದವು. 2013ರಲ್ಲಿ ಬುಕಾರೆಸ್ಟ್‌ನಲ್ಲಿ ನಾಲ್ಕು ವರ್ಷದ ಮಗುವೊಂದು ನಾಯಿಗಳ ದಾಳಿಗೆ ಬಲಿಯಾಯಿತು. ಆ ವರ್ಷವೇ ಬಂದ ಕಾನೂನು, ಹಿಡಿದು ತಂದ ಬೀದಿನಾಯಿಯನ್ನು 14 ಕೆಲಸದ ದಿನದೊಳಗೆ ಯಾರೂ ಒಯ್ಯದಿದ್ದರೆ ದಯಾಮರಣಕ್ಕೆ ಒಳಪಡಿಸಬಹುದು ಎಂದಿತು. ಅಲ್ಲಿನ ನಾಯಿಗಳಿಗೆ ಬ್ರಿಟನ್ನಿನಲ್ಲಿ ಮನೆ ಹುಡುಕುವ ಸಂಸ್ಥೆಗಳು ಇಷ್ಟೊಂದು ಇರುವುದರ ಹಿಂದೆ ಈ ಕಥೆಯಿದೆ. ಕುರುಡು ನಾಯಿಯನ್ನು ಅಲ್ಲಿನವರು ಕೇಳಿಕೊಂಡು ಬರುವುದು ಅಪರೂಪ. ಕಿಕ್ಕಿರಿದ ಆಶ್ರಯಧಾಮದಲ್ಲಿ ಅನ್ನಕ್ಕೆ ನುಗ್ಗುವ ಬೇರೆ ನಾಯಿಗಳ ಮುಂದೆ ಅದು ಹಿಂದೆಯೇ ಉಳಿಯುತ್ತದೆ.

ಹೆಜ್ಜೆ 1: ಸಂಸ್ಥೆಯನ್ನು ಜಾಲಾಡಿ

ಫೋಟೊ ನೋಡಿ ಮನಸ್ಸು ಕರಗುವುದು ಸಹಜ. ಕರಗಲಿ, ಆದರೆ ದುಡ್ಡು ಕಳಿಸಬೇಡಿ. ಇಂಗ್ಲೆಂಡ್, ವೇಲ್ಸ್‌ನಲ್ಲಿ ನೋಂದಾಯಿತ ದತ್ತಿ ಸಂಸ್ಥೆ ಎಂದು ಹೇಳಿಕೊಂಡರೆ ಚಾರಿಟಿ ಕಮಿಷನ್ನಿನ ಪಟ್ಟಿಯಲ್ಲಿ ಸಂಖ್ಯೆ ಹಾಕಿ ನೋಡಿ, ಲೆಕ್ಕಪತ್ರ ಅಲ್ಲೇ ಸಿಗುತ್ತದೆ. ಒಳ್ಳೆಯ ಸಂಸ್ಥೆಯವರು ನಿಮ್ಮನ್ನು ಪ್ರಶ್ನೆ ಕೇಳುತ್ತಾರೆ, ಮನೆ ನೋಡಲು ಬರುತ್ತಾರೆ, ಬೇಲಿ ಎಷ್ಟೆತ್ತರ, ಮನೆಯಲ್ಲಿ ಮಕ್ಕಳಿದ್ದಾರೆಯೇ ಎಂದು ವಿಚಾರಿಸುತ್ತಾರೆ. ಏನನ್ನೂ ಕೇಳದೆ ಎರಡೇ ದಿನದಲ್ಲಿ "ನಿಮ್ಮದೇ ನಾಯಿ" ಎನ್ನುವವರಿಂದ ದೂರ ಇರಿ.

ಒಂದು ಪ್ರಶ್ನೆಗೆ ಉತ್ತರವನ್ನು ಬರಹದಲ್ಲೇ ಪಡೆಯಿರಿ: ಹೊಂದಿಕೆಯಾಗದಿದ್ದರೆ ನಾಯಿಯನ್ನು ನೀವು ವಾಪಸು ತೆಗೆದುಕೊಳ್ಳುತ್ತೀರಾ, ಅಲ್ಲಿಯತನಕ ಅದನ್ನು ಬ್ರಿಟನ್ನಿನಲ್ಲಿ ನೋಡಿಕೊಳ್ಳುವವರು ಯಾರು? ಇಲ್ಲಿ ತಾತ್ಕಾಲಿಕ ಮನೆಗಳೇ ಇಲ್ಲದ ಸಂಸ್ಥೆಯಾದರೆ ಆ ಭರವಸೆ ಬರೀ ಮಾತು. ಈಗಾಗಲೇ ಬ್ರಿಟನ್ನಿಗೆ ಬಂದು ಅಂಥ ತಾತ್ಕಾಲಿಕ ಮನೆಯಲ್ಲಿರುವ ಕುರುಡು ನಾಯಿ ಸಿಕ್ಕರೆ ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಒಳ್ಳೆಯ ದಾರಿ. ಹೋಗಿ ನೋಡಬಹುದು, ಕೈಯ ವಾಸನೆ ತೋರಿಸಬಹುದು, ಮನೆಯೊಳಗೆ ಅದು ಹೇಗಿರುತ್ತದೆ ಎಂದು ಸಾಕಿದವರನ್ನೇ ಕೇಳಬಹುದು.

ಹೆಜ್ಜೆ 2: ಕಣ್ಣು ಯಾಕೆ ಹೋಯಿತು?

ಇಲ್ಲಿ ನಿಧಾನಿಸಿ. "ಹುಟ್ಟು ಕುರುಡು" ಎಂದು ನಮಗೆ ಹೇಳಿದ್ದರು, ನಾವೂ ಹೂಂ ಎಂದೆವು. ಫೋಟೊದಲ್ಲಿ ಎಡಗಣ್ಣು ಮುಚ್ಚಿ ಹೋಗಿತ್ತು, ಬಲಗಣ್ಣು ನೀಲಿಗಟ್ಟಿ ಸ್ವಲ್ಪ ಉಬ್ಬಿತ್ತು. ಬಂದ ಮೇಲೆ ಚುಕ್ಕಿ ದಿನವಿಡೀ ಮಲಗಿರುತ್ತಿದ್ದಳು, ತಲೆಯ ಹತ್ತಿರ ಕೈ ಹೋದರೆ ಕುತ್ತಿಗೆ ಒಳಗೆಳೆದುಕೊಳ್ಳುತ್ತಿದ್ದಳು. ಪ್ರಯಾಣದ ಸುಸ್ತು, ಹೊಸ ಜಾಗ, ಅಂಜಿಕೆ ಎಂದುಕೊಂಡು ಐದು ವಾರ ಕಳೆದೆವು. ಕಣ್ಣಿನ ತಜ್ಞೆ ಒತ್ತಡ ಅಳೆದಾಗ ಯಂತ್ರ 48 ತೋರಿಸಿತು. ನಾಯಿಯ ಕಣ್ಣಿನ ಒತ್ತಡ ಸುಮಾರು 10ರಿಂದ 25ರ ಒಳಗೆ ಇರಬೇಕು. ಅದು ಗ್ಲಾಕೋಮಾ. ಅಷ್ಟು ದಿನವೂ ಅವಳು ನೋವು ನುಂಗಿಕೊಂಡೇ ಮಲಗಿದ್ದಳು. ಬಲಗಣ್ಣನ್ನು ತೆಗೆದರು. ಎಡಗಣ್ಣು ರೆಪ್ಪೆಯೊಳಗೆ ಮುದುಡಿ ಸೋಂಕು ಹಿಡಿದಿತ್ತು, ಅದನ್ನೂ ತೆಗೆದರು. ಹೊಲಿಗೆ ಬಿಚ್ಚಿ ಎರಡು ದಿನವಾಗಿರಲಿಲ್ಲ, ಕಾಲುಚೀಲವೊಂದನ್ನು ಬಾಯಲ್ಲಿ ಕಚ್ಚಿಕೊಂಡು ತಲೆ ಕೊಡವುತ್ತ ಹಜಾರದ ತುಂಬ ಕುಣಿದಳು. ಅವಳು ಆಡುವ ನಾಯಿ ಎಂಬುದೇ ನಮಗೆ ಅಲ್ಲಿಯತನಕ ಗೊತ್ತಿರಲಿಲ್ಲ.

ಕಣ್ಣು ಹೋಗುವ ಕಾರಣ ಒಂದೇ ಅಲ್ಲ. ರೆಟಿನಾ ಕ್ರಮೇಣ ಸವೆಯುವ ವಂಶಪಾರಂಪರ್ಯ ಕಾಯಿಲೆಯಲ್ಲಿ ನೋವಿರುವುದಿಲ್ಲ. ಪೊರೆ ಬಂದಿದ್ದರೆ, ರೆಟಿನಾ ಚೆನ್ನಾಗಿದ್ದಲ್ಲಿ, ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಮರಳಲೂಬಹುದು. ಗ್ಲಾಕೋಮಾ ಭಾರಿ ನೋವಿನದು. ಮೂತಿ ಚಪ್ಪಟೆಯಾಗಿರುವ ಸಣ್ಣ ತಳಿಗಳಲ್ಲಿ ಪೆಟ್ಟು ಬಿದ್ದು ಕಣ್ಣುಗುಡ್ಡೆಯೇ ಹೊರಬರುವುದುಂಟು. ಕಣ್ಣೊಳಗಿನ ಉರಿಯೂತದಿಂದ ದೃಷ್ಟಿ ಹೋಗಿದ್ದರೆ ಅದರ ಬೇರು ರಕ್ತದಲ್ಲಿರುವ ಲೀಶ್ಮೇನಿಯಾ ಅಥವಾ ಉಣ್ಣೆಹುಳು ಕಚ್ಚಿ ಬಂದ ಎರ್ಲಿಕಿಯಾ ಆಗಿರಬಹುದು. ಆಗ ಕುರುಡು ಬರೀ ಲಕ್ಷಣ, ಕಾಯಿಲೆ ಒಳಗೆ ಇನ್ನೂ ಇದೆ.

ಹಾಗಾಗಿ ಹಗಲು ಬೆಳಕಿನಲ್ಲಿ ಎರಡೂ ಕಣ್ಣನ್ನು ಹತ್ತಿರದಿಂದ ತೆಗೆದ ವಿಡಿಯೊ ಕೇಳಿ. ನೀರು ಸುರಿಯುತ್ತಿದೆಯೇ, ಕೆಂಪಾಗಿದೆಯೇ, ರೆಪ್ಪೆ ಕಿರಿದು ಮಾಡುತ್ತದೆಯೇ, ಮುಂಗಾಲಿನಿಂದ ಉಜ್ಜುತ್ತದೆಯೇ ನೋಡಿ. ಅಲ್ಲಿನ ವೈದ್ಯರಿಂದ ಕಣ್ಣಿನ ಒತ್ತಡ ಅಳೆಸಲು ಹೇಳಿ. ಅಲ್ಲಿ ಆಗದೆಂದರೆ ಬಂದ ಮೊದಲ ವಾರದಲ್ಲೇ ಇಲ್ಲಿ ಅಳೆಸಿ, ನಮ್ಮ ಹಾಗೆ ಐದು ವಾರ ಬಿಡಬೇಡಿ.

ಹೆಜ್ಜೆ 3: ರಕ್ತಪರೀಕ್ಷೆ

ಬ್ರುಸೆಲ್ಲಾ ಕ್ಯಾನಿಸ್, ಲೀಶ್ಮೇನಿಯಾ, ಎರ್ಲಿಕಿಯಾ, ಬೆಬೀಸಿಯಾ, ಹಾರ್ಟ್‌ವರ್ಮ್: ಈ ಐದು ಸೋಂಕುಗಳ ಪರೀಕ್ಷೆಯ ವರದಿ ನಾಯಿ ಹೊರಡುವ ಮೊದಲೇ ಕೈಗೆ ಬರಬೇಕು.

ಬ್ರುಸೆಲ್ಲಾ ಬಗ್ಗೆ ನಾಲ್ಕು ಮಾತು ಹೆಚ್ಚು ಹೇಳುತ್ತೇನೆ, ಯಾಕೆಂದರೆ ಅದು ಮನುಷ್ಯರಿಗೂ ಹರಡಬಲ್ಲದು. ಮುಖ್ಯವಾಗಿ ಮರಿ ಹಾಕುವಾಗಿನ, ಗರ್ಭಪಾತದ ಸ್ರಾವಗಳಿಂದ ಹರಡುತ್ತದೆ. ನಾಯಿಗೆ ಒಮ್ಮೆ ತಗುಲಿದರೆ ಪೂರ್ತಿ ವಾಸಿಯಾಯಿತು ಎಂದು ಹೇಳಲು ಬರುವುದಿಲ್ಲ, ಜೀವನಪೂರ್ತಿ ಒಳಗೇ ಉಳಿದಿರಬಹುದು. ಪ್ರಾಣಿರೋಗಗಳು ಹರಡಬಾರದೆಂದು 2022ರ ಮೇ ತಿಂಗಳಲ್ಲಿ ರೊಮೇನಿಯಾ ಸೇರಿದಂತೆ ನಾಲ್ಕು ದೇಶಗಳಿಂದ ವಾಣಿಜ್ಯ ಮಾರ್ಗವಾಗಿ ನಾಯಿ ತರುವುದನ್ನು ಸರ್ಕಾರ ತಡೆಹಿಡಿಯಿತು. ಅಕ್ಟೋಬರ್ ಕೊನೆಯಲ್ಲಿ ಹೆಚ್ಚಿನ ತಪಾಸಣೆಯ ಷರತ್ತಿನ ಮೇಲೆ ತಡೆ ತೆರವಾಯಿತು. ಸೋಂಕು ತಗುಲಿದ ಮೇಲೆ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಲು ಮೂರು ತಿಂಗಳೂ ಹಿಡಿಯಬಹುದು, ಆದ್ದರಿಂದ ಬಂದು ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಮಾಡಿಸಿ. ಬ್ರುಸೆಲ್ಲಾ ವರದಿ ಇಲ್ಲದ ಹೊರದೇಶದ ನಾಯಿಗೆ ತುರ್ತಲ್ಲದ ಶಸ್ತ್ರಚಿಕಿತ್ಸೆ ಮಾಡಲು ಇಲ್ಲಿನ ಅನೇಕ ಪಶುವೈದ್ಯರು ಒಪ್ಪುವುದಿಲ್ಲ. ಕಣ್ಣು ತೆಗೆಸಬೇಕಾಗಿ ಬರಬಹುದಾದ ನಾಯಿಗೆ ಇದು ಸಣ್ಣ ವಿಷಯವಲ್ಲ. ಮನೆಯಲ್ಲಿ ಬಸುರಿಯರಿದ್ದರೆ, ರೋಗನಿರೋಧಕ ಶಕ್ತಿ ಕುಂದಿದವರಿದ್ದರೆ ಮೊದಲು ನಿಮ್ಮ ವೈದ್ಯರ ಜೊತೆ ಮಾತಾಡಿ.

ಹಾರ್ಟ್‌ವರ್ಮ್ ಸೊಳ್ಳೆಯಿಂದ ಬರುವುದು. ಹುಳು ಬೆಳೆದು ಪರೀಕ್ಷೆಗೆ ಸಿಗಲು ಸುಮಾರು ಆರು ತಿಂಗಳು ಬೇಕು, ಅದನ್ನೂ ಮತ್ತೆ ನೋಡಿಸಬೇಕು. ಲೀಶ್ಮೇನಿಯಾ ಮರಳು ನೊಣದಿಂದ ಬರುವ ಕಾಯಿಲೆ. ಬಿಹಾರದಲ್ಲಿ ಮನುಷ್ಯರನ್ನು ಕಾಡಿದ ಕಾಲಾ ಅಜಾರ್‌ನ ಹತ್ತಿರದ ನಂಟ. ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತಲೆಯೆತ್ತದೆ ಇರಬಲ್ಲದು.

ವರದಿ ಬಂದ ಕೂಡಲೇ ಮಾಡಬೇಕಾದ ಕೆಲಸ ಒಂದಿದೆ, ನಾಯಿಯ ಚರ್ಮದಡಿ ಹಾಕಿರುವ ಮೈಕ್ರೋಚಿಪ್ಪಿನ ಸಂಖ್ಯೆ ತಾಳೆ ನೋಡುವುದು. ನಾವು ಮೊದಲು ಇಷ್ಟಪಟ್ಟಿದ್ದ ನಾಯಿಯ ವಿಷಯದಲ್ಲಿ ಎಲ್ಲ ವರದಿಗಳೂ ಚೆನ್ನಾಗಿದ್ದವು, ಆದರೆ ಅದರಲ್ಲಿದ್ದ ಹದಿನೈದು ಅಂಕಿಗೂ ಪಾಸ್‌ಪೋರ್ಟಿನ ಹದಿನೈದು ಅಂಕಿಗೂ ಕೊನೆಯ ನಾಲ್ಕು ಬೇರೆ. ಕೇಳಿದ್ದಕ್ಕೆ ಸರಿಯಾದ ಉತ್ತರ ಬರಲಿಲ್ಲ, ನಾವು ಹಿಂದೆ ಸರಿದೆವು. ಚುಕ್ಕಿಯ ವೇಳೆಗೆ ಬುದ್ಧಿ ಬಂದಿತ್ತು. ಸ್ಕ್ಯಾನರನ್ನು ಅವಳ ಕುತ್ತಿಗೆಗೆ ಹಿಡಿದು, ತೆರೆಯ ಮೇಲಿನ ಅಂಕಿ ಕಾಣುವಂತೆ ಒಂದೇ ಓಟದಲ್ಲಿ ತೆಗೆದ ವಿಡಿಯೊ ಕೇಳಿ ಪಡೆದೆವು.

ಹೆಜ್ಜೆ 4: ಕಾಗದ ಮತ್ತು ಪ್ರಯಾಣ

ದತ್ತು ನೀಡಲು ತರುವ ನಾಯಿ ಕಾನೂನಿನ ಕಣ್ಣಿಗೆ ವಾಣಿಜ್ಯ ಆಮದು, ಲಾಭವಿಲ್ಲದಿದ್ದರೂ ಅಷ್ಟೇ, ಯಾಕೆಂದರೆ ಯಜಮಾನಿಕೆ ಕೈಬದಲಾಗುತ್ತದೆ. ಮೈಕ್ರೋಚಿಪ್, ಆಮೇಲೆ 12 ವಾರ ತುಂಬಿದ ಮೇಲೆ ರೇಬೀಸ್ ಚುಚ್ಚುಮದ್ದು, ಅದಾದ ಮೇಲೆ 21 ದಿನ ಕಾಯುವಿಕೆ. ಅಂದರೆ 15 ವಾರಕ್ಕಿಂತ ಚಿಕ್ಕ ಮರಿಯನ್ನು ಕಳಿಸುತ್ತೇವೆ ಎಂದವರ ಕಾಗದ ಸುಳ್ಳು. ಬ್ರಿಟನ್ ತಲುಪುವ 24ರಿಂದ 120 ಗಂಟೆ ಮೊದಲು ಲಾಡಿಹುಳುವಿನ ಔಷಧಿ ಕೊಟ್ಟು ವೈದ್ಯರು ದಾಖಲಿಸಬೇಕು. ಪಾಸ್‌ಪೋರ್ಟ್ ಸಾಲದು, ಸರ್ಕಾರಿ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರವೂ ಬೇಕು, ಬರುವ ಮೊದಲೇ ಬ್ರಿಟಿಷ್ ಸರ್ಕಾರದ ಐಪ್ಯಾಫ್ಸ್ ವ್ಯವಸ್ಥೆಯಲ್ಲಿ ಮಾಹಿತಿ ದಾಖಲಾಗಬೇಕು. ಇದೆಲ್ಲ ಸಂಸ್ಥೆಯ ಕೆಲಸ, ಪ್ರತಿಗಳನ್ನು ತರಿಸಿಕೊಂಡು ಓದುವುದು ನಿಮ್ಮದು. ನಿಯಮಗಳು ಆಗಾಗ ಬದಲಾಗುತ್ತವೆ, ಹೊರಡುವ ವಾರ ಸರ್ಕಾರದ ಜಾಲತಾಣವನ್ನೇ ನೋಡಿ.

"ನಮ್ಮ ಸ್ವಂತ ನಾಯಿ" ಎಂದು ಹೇಳಿ ಐದೈದು ನಾಯಿಗಳನ್ನು ಸಾಕುಪ್ರಾಣಿಯ ಲೆಕ್ಕದಲ್ಲಿ ದಾಟಿಸುವವರಿದ್ದಾರೆ. ಅದು ಕಳ್ಳದಾರಿ. ಸಿಕ್ಕಿಬಿದ್ದರೆ ನಾಯಿ ಕ್ವಾರಂಟೈನ್‌ಗೆ ಹೋಗುತ್ತದೆ, ಅದರ ಖರ್ಚು ನಿಮ್ಮ ಕೊರಳಿಗೇ ಬೀಳಬಹುದು. ಕಣ್ಣಿಲ್ಲದ ನಾಯಿಗೆ ಆ ಕಬ್ಬಿಣದ ಗೂಡಿನ ತಿಂಗಳುಗಳು ಎಂಥವು ಎಂದು ಯೋಚಿಸಿ.

ರಸ್ತೆಯಲ್ಲಿ ವ್ಯಾನು ಬರಲು ಎರಡು ಮೂರು ದಿನ ಹಿಡಿಯುತ್ತದೆ. ಎಂಟು ಗಂಟೆ ಮೀರಿದ ಪ್ರಯಾಣಕ್ಕೆ ಸಾಗಣೆದಾರರಿಗೆ ಪ್ರತ್ಯೇಕ ಅನುಮತಿ ಬೇಕು, ಅದನ್ನು ಕೇಳಿ. ಕುರುಡು ನಾಯಿಗೆ ತನ್ನದೇ ಗೂಡು ಇರಲಿ, ಬೇರೆ ನಾಯಿಯ ಜೊತೆ ತುಂಬಬಾರದು. ನೀವು ಎರಡು ರಾತ್ರಿ ಹೊದ್ದ ಹಳೆಯ ಪಂಚೆಯನ್ನೋ ಟೀ ಶರ್ಟನ್ನೋ ಮೊದಲೇ ಅಂಚೆಯಲ್ಲಿ ಕಳಿಸಿ, ಗೂಡಿನೊಳಗೆ ಹಾಸಲು ಹೇಳಿ. ನಮ್ಮ ಮನೆಗೆ ಬರುವ ಹೊತ್ತಿಗೆ ಚುಕ್ಕಿಗೆ ನನ್ನ ವಾಸನೆ ಹೊಸದಾಗಿರಲಿಲ್ಲ.

ಹೆಜ್ಜೆ 5: ಮನೆಯನ್ನು ನಾಯಿಯ ಎತ್ತರದಲ್ಲಿ ನೋಡಿ

ಅಂಬೆಗಾಲಿಟ್ಟು ಮನೆಯೆಲ್ಲ ಒಂದು ಸುತ್ತು ಬನ್ನಿ. ನೆಲದಿಂದ ಒಂದಡಿ ಎತ್ತರದಲ್ಲಿ ಮುಖಕ್ಕೆ ತಗಲುವುದೆಲ್ಲ ಆಗ ಕಾಣುತ್ತದೆ: ಟೀಪಾಯಿಯ ಮೂಲೆ, ತೆರೆದ ಡಿಶ್‌ವಾಷರ್ ಬಾಗಿಲು, ಕುಂಡದಿಂದ ಚಾಚಿದ ಕಡ್ಡಿ. ಮೂಲೆಗಳಿಗೆ ನೀರಿನ ಪೈಪಿಗೆ ಸುತ್ತುವ ಸ್ಪಂಜಿನ ಕೊಳವೆ ಕಟ್ಟಿ, ಅಗ್ಗವಾಗಿ ಸಿಗುತ್ತದೆ. ಮೆಟ್ಟಿಲಿಗೆ ಮೇಲೂ ಕೆಳಗೂ ಮಗುವಿನ ಗೇಟು ಹಾಕಿ. ಅದರ ಮುಂದೆ ಒಂದು ಒರಟು ಕಾಲೊರಸು ಇದ್ದರೆ ಪಾದಕ್ಕೆ ಎಚ್ಚರ ಸಿಗುತ್ತದೆ. ತೋಟದಲ್ಲಿ ಗುಲಾಬಿ ಗಿಡದ ಸುತ್ತ, ಕೊಳವಿದ್ದರೆ ಅದರ ಸುತ್ತ, ಎರಡಡಿ ಅಗಲ ಜಲ್ಲಿಯ ಪಟ್ಟಿ ಹಾಕಿದರೆ ಅದೇ ಕೆಲಸ ಮಾಡುತ್ತದೆ. ಕೊಳಕ್ಕಂತೂ ಬೇಲಿಯೂ ಬೇಕು.

ಹಾಸಿಗೆ, ನೀರಿನ ಬಟ್ಟಲು, ಊಟದ ತಟ್ಟೆ ಇವು ಇಟ್ಟಲ್ಲಿಂದ ಕದಲಬಾರದು. ಹಾಸಿಗೆ ಇರುವ ಜಾಗವೇ ಅದಕ್ಕೆ ಊರಿನ ನಡುವಿನ ಅರಳಿಕಟ್ಟೆ ಇದ್ದಂತೆ, ಉಳಿದೆಲ್ಲ ದಾರಿಯನ್ನೂ ಅಲ್ಲಿಂದ ಲೆಕ್ಕ ಹಾಕುತ್ತದೆ. ಸಣ್ಣ ನಾಯಿಯನ್ನು ಎತ್ತಿಕೊಂಡು ಓಡಾಡುವ ಚಪಲ ಎಲ್ಲರಿಗೂ. ಎತ್ತಿದರೆ ಮತ್ತೆ ಅದೇ ಹಾಸಿಗೆಯ ಮೇಲೇ ಇಳಿಸಿ. ಎಲ್ಲೋ ನಡುಕೋಣೆಯಲ್ಲಿ ಬಿಟ್ಟರೆ ಅದಕ್ಕೆ ದಿಕ್ಕೇ ತಪ್ಪುತ್ತದೆ.

ಅಡುಗೆಮನೆಯ ನೆಲದ ಬಗ್ಗೆ ನಮ್ಮವರಿಗೆ ಒಂದು ಮಾತು. ಕಣ್ಣಿಲ್ಲದ ನಾಯಿ ನೆಲದ ಮೇಲಿನ ಒಂದು ಕಾಳನ್ನೂ ಮೂಗಿನಿಂದ ಹುಡುಕಿ ತಿನ್ನುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಪಾಯಸಕ್ಕೆ ಹಾಕುವ ಒಣದ್ರಾಕ್ಷಿ, ಚಾಕೊಲೇಟ್ ಇವೆಲ್ಲ ನಾಯಿಗೆ ವಿಷ. ಸಾರನ್ನ ಕಲಸಿ ಹಾಕುವ ಊರಿನ ಅಭ್ಯಾಸ ಇಲ್ಲಿ ಬೇಡ.

ಹೆಜ್ಜೆ 6: ಮೊದಲ ವಾರಗಳು

ಚುಕ್ಕಿ ಬಂದದ್ದು ಬೆಳಗಿನ ಜಾವ. ಗೂಡಿನ ಬಾಗಿಲು ತೆರೆದಾಗ ಮೊದಲು ಬಂದದ್ದು ಮೂಗು, ಒಣಗಿ ಬಿರುಕು ಬಿಟ್ಟ ಸಣ್ಣ ಮೂಗು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಗಾಳಿಯನ್ನು ಅಳೆಯುತ್ತಿತ್ತು. ಮನೆಯೊಳಗೆ ಬಿಟ್ಟ ಮೇಲೆ ಗೋಡೆ ಹಿಡಿದು ನಡೆದಳು. ಎಡಗಡೆಯ ಮೀಸೆ ಗೋಡೆಗೆ ಸವರುತ್ತ, ಬಾಗಿಲು ಬಂದಾಗ ನಿಂತು, ಹೊಸ್ತಿಲನ್ನು ಕಾಲಿನಿಂದ ತಡಕಿ, ಮತ್ತೆ ಗೋಡೆ. ಹದಿನಾಲ್ಕು ಸುತ್ತು ಎಣಿಸಿದೆ. ನಾನು ಹಾಸಿಗೆಯ ಪಕ್ಕ ನೆಲದ ಮೇಲೆ ಕೂತಿದ್ದೆ, ಕರೆಯಲಿಲ್ಲ, ಮುಟ್ಟಲಿಲ್ಲ. ಹದಿನೈದನೇ ಸುತ್ತಿಗೆ ನನ್ನ ಮೊಣಕಾಲನ್ನು ಮೂಸಿ, ಅಲ್ಲೇ ಕುಸಿದು ಮಲಗಿದಳು. ಮೂರನೇ ದಿನಕ್ಕೆ ನೀರಿನ ಬಟ್ಟಲಿಗೆ ನೇರ ದಾರಿ ಹಿಡಿದಿದ್ದಳು.

ಮೊದಲಿಗೆ ಒಂದೇ ಕೋಣೆ ಕೊಡಿ, ಅದು ಪಾಠವಾದ ಮೇಲೆ ಇನ್ನೊಂದು. ಸ್ನಾನ ಬೇಡ, ನೆಂಟರು ಬೇಡ. ಹೊಸದಾಗಿ ಬಂದ ನಾಯಿಗಳು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಮೊದಲ ದಿನಗಳಲ್ಲೇ, ಕಣ್ಣಿಲ್ಲದ ನಾಯಿ ತಪ್ಪಿಸಿಕೊಂಡರೆ ರಸ್ತೆಯೂ ತಿಳಿಯದು, ಮನೆಯೂ ತಿಳಿಯದು. ಹಾಗಾಗಿ ಹಾರ್ನೆಸ್ಸಿಗೊಂದು, ಕೊರಳಪಟ್ಟಿಗೊಂದು, ಎರಡು ಹಗ್ಗ. ಸ್ವಂತ ತೋಟದಲ್ಲೂ ಹಗ್ಗ ಬಿಡಬೇಡಿ. ಸಾರ್ವಜನಿಕ ಜಾಗದಲ್ಲಿ ಯಜಮಾನರ ಹೆಸರು, ವಿಳಾಸವಿರುವ ಬಿಲ್ಲೆ ಕೊರಳಲ್ಲಿರಬೇಕೆಂದು 1992ರ ಆದೇಶವೇ ಇದೆ. ಮೈಕ್ರೋಚಿಪ್ಪನ್ನು 30 ದಿನದೊಳಗೆ ಬ್ರಿಟನ್ನಿನ ದತ್ತಾಂಶ ಪಟ್ಟಿಯಲ್ಲಿ ನಿಮ್ಮ ಹೆಸರಿಗೆ ನೋಂದಾಯಿಸಿ. ವಿಮೆ ಮಾಡಿಸುವಾಗ ಮೊದಲೇ ಇದ್ದ ಕಾಯಿಲೆಗೆ ಹಣ ಸಿಗುವುದಿಲ್ಲ ಎಂಬುದು ನೆನಪಿರಲಿ, ಕಣ್ಣಿನ ಖರ್ಚಿಗೆ ಬೇರೆಯೇ ದುಡ್ಡು ಎತ್ತಿಡಿ.

ಹೆಜ್ಜೆ 7: ಮಾತು, ಗೆಜ್ಜೆ, ನಡಿಗೆ

ಕನ್ನಡದಲ್ಲೇ ಮಾತಾಡಿಸಿ. ರೊಮೇನಿಯಾದ ನಾಯಿಗೆ ಇಂಗ್ಲಿಷೂ ಹೊಸದು, ಕನ್ನಡವೂ ಹೊಸದು. ನಿಮ್ಮ ದನಿ ಸಹಜವಾಗಿ ಯಾವ ಭಾಷೆಯಲ್ಲಿ ಮೆತ್ತಗಾಗುತ್ತದೋ ಅದೇ ಅದಕ್ಕೆ ಒಳ್ಳೆಯದು. ನಮ್ಮಲ್ಲಿ "ನಿಲ್ಲು", ಮೆಟ್ಟಿಲಿಗೆ "ಹತ್ತು", "ಇಳಿ". ಮೊದಲು ಎತ್ತಿಕೊಳ್ಳುವಾಗ "ಎತ್ತು" ಎನ್ನುತ್ತಿದ್ದೆ. "ಹತ್ತು", "ಎತ್ತು" ಎರಡೂ ಅವಳ ಕಿವಿಗೆ ಒಂದೇ ಆಗಿ, ಎತ್ತಲು ಬಗ್ಗಿದಾಗ ಗಾಳಿಯಲ್ಲಿ ಕಾಲೆತ್ತಿ ಇಲ್ಲದ ಮೆಟ್ಟಿಲು ಹುಡುಕುತ್ತಿದ್ದಳು. ಈಗ ಎತ್ತುವ ಮೊದಲು "ಉಪ್ಪುಮೂಟೆ" ಎನ್ನುತ್ತೇವೆ. ಪದಗಳು ಒಂದಕ್ಕೊಂದು ದೂರದ ಸದ್ದಿನವಾಗಿರಲಿ. ಮುಟ್ಟುವ ಮೊದಲು ಯಾವಾಗಲೂ ಹೆಸರು ಹೇಳಿ. ನಿದ್ದೆಯಲ್ಲಿದ್ದಾಗ ಮುಟ್ಟಿದರೆ ಬೆಚ್ಚಿ ಕಚ್ಚಬಹುದು, ಮಕ್ಕಳಿಗೆ ಇದನ್ನು ಮೊದಲೇ ಕಲಿಸಿ.

ಸಾಗರದಿಂದ ಅಮ್ಮ ಬಂದಾಗ ಅವರ ಕಾಲ್ಗೆಜ್ಜೆ ನಮಗೊಂದು ಪಾಠ ಹೇಳಿತು. ಚುಕ್ಕಿ ಮನೆಯಲ್ಲಿ ಎಲ್ಲರಿಗಿಂತ ಅವರ ಹಿಂದೆಯೇ ಸುತ್ತುತ್ತಿದ್ದಳು, ಯಾಕೆಂದರೆ ಅವರು ಎಲ್ಲಿದ್ದಾರೆಂದು ಅವಳಿಗೆ ಸದಾ ಗೊತ್ತಿರುತ್ತಿತ್ತು. ಅಮ್ಮ ಊರಿಗೆ ಹೊರಡುವಾಗ ಹಳೆಯ ಜೊತೆಯೊಂದನ್ನು ಬಿಟ್ಟುಹೋದರು. ಒಂದು ನನ್ನ ಬೀಗದ ಕೈಗೆ, ಇನ್ನೊಂದು ಮಗಳ ಚೀಲಕ್ಕೆ ಕಟ್ಟಿದ್ದೇವೆ. ಮನೆಯಲ್ಲಿ ಬೇರೆ ನಾಯಿ ಇದ್ದರೆ ಅದರ ಕೊರಳಿಗೆ ಕಟ್ಟಿ.

ಹೊರಗೆ ಮೊದಲ ತಿಂಗಳು ಒಂದೇ ದಾರಿ, ಅದೂ ಚಿಕ್ಕದು. ಮೂಸಲು ಬಿಡಿ, ಅವಳಿಗೆ ಅದೇ ಊರು ನೋಡುವುದು. ಎದುರು ಬರುವ ನಾಯಿಯ ಬಾಲ, ಕಿವಿ, ನಿಂತ ಭಂಗಿ ಇವಳಿಗೆ ಕಾಣದು. ಆ ನಾಯಿಗೂ ಕಣ್ಣಿಲ್ಲದ ಮುಖ ಅರ್ಥವಾಗದು. "ಕುರುಡು ನಾಯಿ" ಎಂದು ದೊಡ್ಡದಾಗಿ ಬರೆದ ಹಳದಿ ಹೊದಿಕೆ ಹಾಕಿ, ಎದುರಿನವರಿಗೆ ದೂರದಿಂದಲೇ ಹೇಳಿ. ಇಲ್ಲಿ ದೀಪಾವಳಿಯ ಪಟಾಕಿಯೂ ನವೆಂಬರ್ 5ರ ಪಟಾಕಿಯೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಕಿವಿಯನ್ನೇ ನಂಬಿದ ಜೀವಕ್ಕೆ ಆ ದಿನಗಳು ಕಷ್ಟ. ಕತ್ತಲಾಗುವ ಮೊದಲೇ ಸುತ್ತಾಡಿಸಿ ಬಂದು, ಪರದೆ ಎಳೆದು, ರೇಡಿಯೊ ಹಚ್ಚಿ ಜೊತೆಗೆ ಕೂರಿ.

ಊರಿಗೆ ಹೋಗುವಾಗ

ಭಾರತದಿಂದ ಬ್ರಿಟನ್ನಿಗೆ ನಾಯಿ ತರುವುದಾದರೆ ರೇಬೀಸ್ ಚುಚ್ಚುಮದ್ದಿನ 30 ದಿನದ ನಂತರ ರಕ್ತಪರೀಕ್ಷೆ, ಅದರ ಮೇಲೆ ಸಾಮಾನ್ಯವಾಗಿ ಮೂರು ತಿಂಗಳ ಕಾಯುವಿಕೆ ಇದೆ. ರಜೆಗೆ ಊರಿಗೆ ಕರೆದೊಯ್ದು ತರುವ ಮಾತನ್ನು ಹಾಗಾಗಿ ಬಿಟ್ಟುಬಿಡಿ. ನಾಯಿಗೃಹದಲ್ಲೂ ಬಿಡಬೇಡಿ, ಹೊಸ ಗೋಡೆಗಳನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ಗೊತ್ತಿರುವ ಒಬ್ಬರು ನಿಮ್ಮ ಮನೆಗೇ ಬಂದು ಇರಲಿ, ಹೊರಡುವ ಮುಂಚೆ ಎರಡು ವಾರಾಂತ್ಯ ನಿಮ್ಮ ಜೊತೆಯೇ ಇದ್ದು ನಾಯಿಗೆ ವಾಸನೆ ಪರಿಚಯವಾಗಲಿ.

ಒಮ್ಮೆ ಯುಗಾದಿಗೆ ನೆಂಟರು ಬರುತ್ತಾರೆಂದು ಸೋಫಾವನ್ನು ಕಿಟಕಿಯ ಕಡೆ ಸರಿಸಿದ್ದೆವು. ತೋಟದಿಂದ ಓಡಿಬಂದ ಚುಕ್ಕಿ ಅದಕ್ಕೆ ಮುಖ ಕೊಟ್ಟು ಹೊಡೆದುಕೊಂಡಳು. ಗಾಯವೇನೂ ಆಗಲಿಲ್ಲ, ಆದರೆ ಆ ಸಂಜೆಯೆಲ್ಲ ಮತ್ತೆ ಗೋಡೆ ಹಿಡಿದೇ ನಡೆದಳು, ಊಟ ಮುಟ್ಟಲಿಲ್ಲ. ಮನೆ ನೋಡಿಕೊಳ್ಳಲು ಬರುವವರಿಗೆ ಫ್ರಿಜ್ಜಿನ ಮೇಲೆ ಅಂಟಿಸುವ ಚೀಟಿಯಲ್ಲಿ ಔಷಧಿಯ ಹೊತ್ತು, ವೈದ್ಯರ ಫೋನು ನಂಬರಿಗಿಂತ ಮೇಲೆ, ದಪ್ಪ ಅಕ್ಷರದಲ್ಲಿ ಬರೆದಿದ್ದೇವೆ: ಕುರ್ಚಿಯಲ್ಲಿ ಕೂತು ಎದ್ದರೆ ಮತ್ತೆ ಒಳಗೆ ತಳ್ಳಿ.